ಒಳ್ಳೆಯ ಹೀರೋ ದಾರಿ ತಪ್ಪಿದಾಗ: ಕಾಮಿಕ್ಸ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ. ನಮಗೆಲ್ಲ ಚಿರಪರಿಚಿತರಾದ ಸೂಪರ್‌ಹೀರೋಗಳು ಇನ್ನೊಂದು ಲೋಕದಲ್ಲಿ ಸರ್ವಾಧಿಕಾರಿಗಳಾಗಿ, ಕೊಲೆಗಾರರಾಗಿ, ಎಲ್ಲವನ್ನೂ ಕಳೆದುಕೊಂಡವರಾಗಿ ಬರುವ ಕಥೆಗಳ ಬಗ್ಗೆ. ಕೆಲವು ಉತ್ತರಗಳಲ್ಲಿ ಕಥೆಯ ಗುಟ್ಟು ಬಯಲಾಗುವುದು ಅನಿವಾರ್ಯ. ಅಂಥ ಕಡೆ ಮೊದಲೇ ಎಚ್ಚರಿಸಿದ್ದೇವೆ.

ಪ್ರಶ್ನೆ: ‘ಇನ್‌ಜಸ್ಟಿಸ್’ ಮೊದಲ ಸಂಪುಟ ಮುಗಿಸಿದೆ. ಸೂಪರ್‌ಮ್ಯಾನ್ ಜೋಕರ್‌ನ ಎದೆಯನ್ನೇ ಸೀಳಿ ಕೊಂದುಬಿಟ್ಟ. ತಿಂಗಳು ತಿಂಗಳು ಬರುವ ಸೂಪರ್‌ಮ್ಯಾನ್ ಕಥೆಗಳಲ್ಲಿ ಇರುವವನೂ ಇವನೇನಾ? ಮುಂದಿನ ಸಂಪುಟಗಳನ್ನು ಯಾವ ಕ್ರಮದಲ್ಲಿ ಓದಬೇಕು?

ಇವನಲ್ಲ. ಡಿಸಿ ಪ್ರಕಾಶನದ ಮುಖ್ಯ ಕಥಾಲೋಕದಲ್ಲಿ ಸೂಪರ್‌ಮ್ಯಾನ್‌ನ ಹೆಂಡತಿ ಲೋಯಿಸ್ ಲೇನ್ ಬದುಕಿದ್ದಾಳೆ, ಅವರ ಊರಾದ ಮೆಟ್ರೊಪೊಲಿಸ್ ನಗರ ನಿಂತಿದೆ. ‘ಇನ್‌ಜಸ್ಟಿಸ್’ ಹುಟ್ಟಿದ್ದು 2013ರ ಒಂದು ವಿಡಿಯೋ ಗೇಮ್‌ನಿಂದ. ಒಂದೇ ಕಡೆ ಇರಬೇಕಾದ ಹೀರೋಗಳು ಪರಸ್ಪರ ಹೊಡೆದಾಡಬೇಕಾದರೆ ಕಾರಣವೊಂದು ಬೇಕಲ್ಲ? ಗೇಮ್ ಶುರುವಾಗುವುದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಆ ಕಾರಣ ಹೇಗೆ ಬೆಳೆಯಿತು ಎಂಬುದನ್ನು ಕಾಮಿಕ್ಸ್ ಹೇಳುತ್ತದೆ. ಶುರು ಮಾಡಿದವರು ಟಾಮ್ ಟೇಲರ್. ಮೂರನೆಯ ವರ್ಷದ ಕಥೆ ನಡೆಯುತ್ತಿರುವಾಗ ಬರವಣಿಗೆ ಬ್ರಯಾನ್ ಬುಚೆಲಾಟೊ ಅವರ ಕೈಗೆ ಹೋಯಿತು. ಅಲ್ಲಿಂದ ಮುಂದೆ ಓಟ ಸ್ವಲ್ಪ ಕುಗ್ಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಓದುವ ಕ್ರಮ ಸುಲಭ. ‘ಇಯರ್ ಒನ್’ನಿಂದ ‘ಇಯರ್ ಫೈವ್’ವರೆಗೆ ಸಾಲಾಗಿ ಓದಿ. ಆಮೇಲೆ ‘ಗ್ರೌಂಡ್ ಝೀರೋ’. ಇದು ಗೇಮ್‌ನ ಕಥೆಯನ್ನೇ ಜೋಕರ್‌ನ ಹಳೆಯ ಸಂಗಾತಿ ಹಾರ್ಲಿ ಕ್ವಿನ್ ಕಣ್ಣಿನಿಂದ ಹೇಳುತ್ತದೆ. ನಂತರ ‘ಇನ್‌ಜಸ್ಟಿಸ್ 2’. 2020ರಲ್ಲಿ ಬಂದ ‘ಇಯರ್ ಝೀರೋ’ ಕಾಲದ ಲೆಕ್ಕದಲ್ಲಿ ಎಲ್ಲಕ್ಕಿಂತ ಮೊದಲು ನಡೆಯುತ್ತದೆ. ಹಾಗೆಂದು ಅದರಿಂದಲೇ ಶುರು ಮಾಡಬೇಡಿ. ಮುಂದೆ ಈ ಜನರಿಗೆ ಏನು ಕಾದಿದೆ ಎಂದು ಗೊತ್ತಿದ್ದರೆ ಮಾತ್ರ ಅದರ ಒಂದೊಂದು ಪುಟವೂ ಕರುಳಿಗೆ ತಾಗುತ್ತದೆ.

ಮೊದಲ ಸಂಪುಟ ಕೈಯಲ್ಲಿದ್ದರೆ ಆರಂಭದ ಪುಟಗಳನ್ನು ಮತ್ತೊಮ್ಮೆ ತೆರೆಯಿರಿ (ಪೂರ್ತಿ ಓದದವರು ಈ ಪ್ಯಾರಾ ಬಿಡಿ). ರಾತ್ರಿ ಮಲಗಿರುವಾಗ ಕ್ಲಾರ್ಕ್‌ಗೆ (ಇದು ಸೂಪರ್‌ಮ್ಯಾನ್‌ನ ದಿನನಿತ್ಯದ ಹೆಸರು) ಲೋಯಿಸ್‌ಳ ಒಡಲಿನಿಂದ ಎರಡನೆಯ ಎದೆಬಡಿತ ಕೇಳಿಸುತ್ತದೆ. ಅವಳು ಗರ್ಭಿಣಿ ಎಂದು ಗೊತ್ತಾಗುವುದು ಹಾಗೆ. ಕೆಲವೇ ಪುಟಗಳಾದ ಮೇಲೆ ಜೋಕರ್ ಇಟ್ಟಿರುವ ಅಣುಬಾಂಬಿನ ಕೀಲಿ ಇರುವುದು ಅದೇ ಲೋಯಿಸ್‌ಳ ಹೃದಯದಲ್ಲಿ. ಅದು ನಿಂತ ಕ್ಷಣ ಬಾಂಬು ಸಿಡಿಯುತ್ತದೆ. ಖಳ ಸ್ಕೇರ್‌ಕ್ರೋ ಬಳಸುವ ಭಯ ಹುಟ್ಟಿಸುವ ಗಾಳಿಗೆ, ಸೂಪರ್‌ಮ್ಯಾನ್‌ನ ಬಲ ಕುಂದಿಸುವ ಕ್ರಿಪ್ಟೊನೈಟ್ ಬೆರೆಸಿ ಉಸಿರಾಡಿಸಿದ್ದರಿಂದ ಸೂಪರ್‌ಮ್ಯಾನ್‌ಗೆ ಎದುರಿಗೆ ಕಾಣುತ್ತಿರುವುದು ಹೆಂಡತಿಯಲ್ಲ, ಡೂಮ್ಸ್‌ಡೇ. ಜನರನ್ನು ಉಳಿಸಬೇಕೆಂದೇ ಅವನು ಆ ರಾಕ್ಷಸನನ್ನು ಹೊತ್ತು ಬಾಹ್ಯಾಕಾಶಕ್ಕೆ ಹಾರುತ್ತಾನೆ. ಅವನ ಅತಿ ಸೂಕ್ಷ್ಮ ಕಿವಿ, ಜನರನ್ನು ಉಳಿಸುವ ಹಂಬಲ, ಈ ಎರಡನ್ನೇ ಬಳಸಿ ಅವನನ್ನು ಮುರಿಯಲಾಗಿದೆ. ಹೊರಗಿನಿಂದ ತಂದು ಅಂಟಿಸಿದ ಕೆಟ್ಟತನ ಅಲ್ಲೆಲ್ಲೂ ಇಲ್ಲ. ಈ ಬಗೆಯ ಯಾವುದೇ ಕಥೆಯನ್ನು ತೂಗುವಾಗ ನಾವು ಮೊದಲು ನೋಡುವುದು ಇದನ್ನೇ.

ಪ್ರಶ್ನೆ: ‘ಇಮ್ಯಾಜಿನರಿ ಸ್ಟೋರಿ’, ‘ಎಲ್ಸ್‌ವರ್ಲ್ಡ್ಸ್’, ‘ವಾಟ್ ಇಫ್’, ‘ಮಲ್ಟಿವರ್ಸ್’, ‘ಡಾರ್ಕ್ ಮಲ್ಟಿವರ್ಸ್’... ಇವೆಲ್ಲ ಒಂದೇನಾ, ಬೇರೆ ಬೇರೆಯಾ?

ಬೇರೆ ಬೇರೆ. ಮುಖ್ಯ ಕಥೆಯ ಜನ ಆ ಲೋಕಕ್ಕೆ ಹೋಗಿಬರಬಹುದೇ ಎಂದು ಕೇಳಿಕೊಂಡರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

‘ಇಮ್ಯಾಜಿನರಿ ಸ್ಟೋರಿ’ಗಳಲ್ಲಿ ಹೋಗುವಂತಿಲ್ಲ. 1950-60ರ ದಶಕಗಳಲ್ಲಿ ಸಂಪಾದಕ ಮಾರ್ಟ್ ವೈಸಿಂಗರ್ ಸೂಪರ್‌ಮ್ಯಾನ್ ಪತ್ರಿಕೆಗಳಲ್ಲಿ ಇವನ್ನು ಧಾರಾಳವಾಗಿ ಬಳಸಿದರು. ‘ಇದು ನಿಜವಾಗಿ ನಡೆದದ್ದಲ್ಲ’ ಎಂದು ಆರಂಭದಲ್ಲೇ ಹೇಳಿಬಿಟ್ಟರೆ ಮದುವೆ, ಮರಣ ಏನನ್ನು ಬೇಕಾದರೂ ತೋರಿಸಬಹುದಿತ್ತು. ಅವುಗಳಲ್ಲಿ 1961ರ ‘ಸೂಪರ್‌ಮ್ಯಾನ್’ 149ನೆಯ ಸಂಚಿಕೆಯನ್ನು ಹುಡುಕಿ ಓದಿ. ಬರೆದದ್ದು ಸೂಪರ್‌ಮ್ಯಾನ್‌ನ ಇಬ್ಬರು ಸೃಷ್ಟಿಕರ್ತರಲ್ಲಿ ಒಬ್ಬರಾದ ಜೆರ್ರಿ ಸೀಗಲ್, ಚಿತ್ರ ಕರ್ಟ್ ಸ್ವಾನ್. ಸೂಪರ್‌ಮ್ಯಾನ್‌ನ ಬದ್ಧವೈರಿ ಲೂಥರ್ ಮನಸ್ಸು ಬದಲಾದವನಂತೆ ನಟಿಸುತ್ತಾನೆ, ಕ್ಯಾನ್ಸರ್‌ಗೆ ಔಷಧ ಕಂಡುಹಿಡಿದು ಎಲ್ಲರ ನಂಬಿಕೆ ಗಳಿಸುತ್ತಾನೆ, ಕೊನೆಗೆ ಹಸಿರು ಕ್ರಿಪ್ಟೊನೈಟ್‌ನಿಂದ ಸೂಪರ್‌ಮ್ಯಾನ್‌ನನ್ನು ಕೊಲ್ಲುತ್ತಾನೆ. ಸತ್ತವನು ಎದ್ದು ಬರುವುದಿಲ್ಲ. ಮಕ್ಕಳಿಗೆಂದು ಅಚ್ಚಾದ ಪತ್ರಿಕೆಯಲ್ಲಿ, ಕಾಮಿಕ್ಸ್ ಕೋಡ್‌ನ ಬಿಗಿ ನಿಯಮಗಳ ಕಾಲದಲ್ಲಿ, ಒಂದು ತೊಟ್ಟು ರಕ್ತ ತೋರಿಸದೆ ಇಷ್ಟು ಕರಾಳ ಕಥೆ ಬಂದಿತ್ತು.

ಅದೇ 1961ರಲ್ಲಿ ‘ಫ್ಲ್ಯಾಶ್’ 123ನೆಯ ಸಂಚಿಕೆ ಇನ್ನೊಂದು ದಾರಿ ತೆರೆಯಿತು. ಗಾರ್ಡ್ನರ್ ಫಾಕ್ಸ್ ಬರೆದು ಕಾರ್ಮೈನ್ ಇನ್‌ಫಾಂಟಿನೊ ಚಿತ್ರಿಸಿದ ಆ ಕಥೆಯಲ್ಲಿ ಆ ಕಾಲದ ಫ್ಲ್ಯಾಶ್ ಹಳೆಯ ಫ್ಲ್ಯಾಶ್‌ನ ಭೂಮಿಗೆ ದಾಟಿಹೋಗುತ್ತಾನೆ. ಮಲ್ಟಿವರ್ಸ್ ಎಂದರೆ ಇದು, ಹೋಗಿಬರಬಹುದಾದ ಲೋಕಗಳು. 1964ರಲ್ಲಿ ‘ಅರ್ಥ್ 3’ ಬಂತು. ಅಲ್ಲಿ ಸೂಪರ್‌ಮ್ಯಾನ್‌ಗೆ ಬದಲು ಅಲ್ಟ್ರಾಮ್ಯಾನ್, ಬ್ಯಾಟ್‌ಮ್ಯಾನ್‌ಗೆ ಬದಲು ಔಲ್‌ಮ್ಯಾನ್, ಇಡೀ ತಂಡವೇ ಕ್ರೈಮ್ ಸಿಂಡಿಕೇಟ್. ಎಲ್ಲವೂ ತಿರುಗುಮುರುಗು.

‘ವಾಟ್ ಇಫ್’ 1977ರಲ್ಲಿ ಡಿಸಿಯ ಪ್ರತಿಸ್ಪರ್ಧಿ ಪ್ರಕಾಶನ ಮಾರ್ವೆಲ್ ಶುರು ಮಾಡಿದ ಸರಣಿ. ವಾಚರ್ ಎಂಬ ಸಾಕ್ಷಿ ದೂರದಿಂದ ನೋಡಿ ನಮಗೆ ಕಥೆ ಹೇಳುತ್ತಾನೆ. ‘ಎಲ್ಸ್‌ವರ್ಲ್ಡ್ಸ್’ ಮುಖ್ಯ ಕಥೆಗೆ ಸೇರದ ಕಥೆಗಳ ಮೇಲೆ ಡಿಸಿ ಒತ್ತುವ ಮುದ್ರೆ. 1989ರ ‘ಗಾಥಮ್ ಬೈ ಗ್ಯಾಸ್‌ಲೈಟ್’ನಲ್ಲಿ 19ನೆಯ ಶತಮಾನದ ಬ್ಯಾಟ್‌ಮ್ಯಾನ್ ಜ್ಯಾಕ್ ದ ರಿಪ್ಪರ್‌ನನ್ನು ಬೆನ್ನಟ್ಟುತ್ತಾನೆ. ಈ ಸಾಲಿನ ಮೊದಲ ಪುಸ್ತಕ ಎಂಬ ಹೆಸರು ಅದಕ್ಕೆ ಆಮೇಲೆ ಬಂತು. ಮುದ್ರೆ ಹೊತ್ತು ಹೊರಬಂದ ಮೊದಲ ಪುಸ್ತಕ 1991ರ ‘ಬ್ಯಾಟ್‌ಮ್ಯಾನ್: ಹೋಲಿ ಟೆರರ್’.

‘ಡಾರ್ಕ್ ಮಲ್ಟಿವರ್ಸ್’ ಇತ್ತೀಚಿನದು. 2017ರ ‘ಡಾರ್ಕ್ ನೈಟ್ಸ್: ಮೆಟಲ್’ನಲ್ಲಿ ಸ್ಕಾಟ್ ಸ್ನೈಡರ್ ಮತ್ತು ಗ್ರೆಗ್ ಕಾಪುಲೊ ತಂದದ್ದು. ಇಲ್ಲಿನ ಲೋಕಗಳು ಭಯದಿಂದ ಹುಟ್ಟುತ್ತವೆ, ಬಾಳುವ ಶಕ್ತಿಯಿಲ್ಲದೆ ಕೊಳೆಯುತ್ತವೆ. ಜೋಕರ್‌ನ ವಿಷ ಏರಿದ ಬ್ಯಾಟ್‌ಮ್ಯಾನ್, ಅಂದರೆ ‘ಬ್ಯಾಟ್‌ಮ್ಯಾನ್ ಹೂ ಲಾಫ್ಸ್’, ಅಲ್ಲಿಂದಲೇ ಬಂದವನು. ಮೊದಲ ಸಲ ಕಂಡಾಗ ನಿಜಕ್ಕೂ ಬೆಚ್ಚಿಬೀಳಿಸುತ್ತಾನೆ. ಮುಂದಿನ ವರ್ಷಗಳಲ್ಲಿ ಅವನನ್ನು ಅತಿಯಾಗಿ ಬಳಸಿ ಆ ಹೆದರಿಕೆಯನ್ನು ಸವೆಸಿಬಿಟ್ಟರು.

ಪ್ರಶ್ನೆ: ‘ರೆಡ್ ಸನ್’ ಸೋವಿಯತ್ ಒಕ್ಕೂಟವನ್ನು ಬಯ್ಯುವ ಪುಸ್ತಕ ಎಂದು ಗೆಳೆಯರು ಹೇಳುತ್ತಾರೆ. ಓದಿದರೆ ನನಗೆ ಹಾಗನ್ನಿಸಲಿಲ್ಲ. ಸೂಪರ್‌ಮ್ಯಾನ್ ಅದರಲ್ಲಿ ಖಳನಾಯಕನೋ ಅಲ್ಲವೋ?

ನಿಮ್ಮ ಓದು ಸರಿಯಾಗಿದೆ. ಮುಂದಿನ ಸಾಲುಗಳಲ್ಲಿ ಕಥೆಯ ಬಹುಪಾಲು ಬಯಲಾಗುತ್ತದೆ, ಓದದವರು ಮುಂದಿನ ಪ್ರಶ್ನೆಗೆ ಹೋಗಿ.

2003ರಲ್ಲಿ ಮೂರು ಸಂಚಿಕೆಗಳಲ್ಲಿ ಬಂದ ಕಥೆ ಇದು. ಬರೆದವರು ಮಾರ್ಕ್ ಮಿಲರ್, ಚಿತ್ರ ಡೇವ್ ಜಾನ್ಸನ್ ಮತ್ತು ಕಿಲಿಯನ್ ಪ್ಲಂಕೆಟ್. ಮಾಡಿದ ಬದಲಾವಣೆ ಒಂದೇ. ಸೂಪರ್‌ಮ್ಯಾನ್ ಹುಟ್ಟಿದ ಗ್ರಹ ಕ್ರಿಪ್ಟಾನ್‌ನಿಂದ ಮಗುವನ್ನು ಹೊತ್ತು ಬಂದ ರಾಕೆಟ್ ಕೆಲವು ಗಂಟೆ ಆಚೀಚೆಯಾಗಿ, ಅಷ್ಟರಲ್ಲಿ ಭೂಮಿ ತಿರುಗಿ, ಅಮೆರಿಕದ ಕಾನ್ಸಾಸ್ ಬದಲು ಉಕ್ರೇನಿನ ಸಾಮೂಹಿಕ ಕೃಷಿ ಭೂಮಿಯಲ್ಲಿ ಇಳಿಯುತ್ತದೆ. ಮಗು ಅದೇ, ಗುಣವೂ ಅದೇ. ಈ ಸೂಪರ್‌ಮ್ಯಾನ್ ಅಧಿಕಾರಕ್ಕೆ ಹಂಬಲಿಸಿದವನಲ್ಲ. ಸ್ಟಾಲಿನ್ ಸತ್ತ ಮೇಲೆ ಪಟ್ಟ ಬೇಡ ಎನ್ನುತ್ತಾನೆ. ಆಮೇಲೆ ಹಸಿದು ಸಾಲುನಿಂತ ತನ್ನ ಬಾಲ್ಯದ ಗೆಳತಿ ಲಾನಾಳನ್ನು ನೋಡಿ, ಇವರಿಗೆಲ್ಲ ಊಟ ಸಿಗಬೇಕು ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಳ್ಳುತ್ತಾನೆ. ಅಲ್ಲಿಂದ ಮುಂದಿನ ಪ್ರತಿ ಹೆಜ್ಜೆಯೂ ಇನ್ನೊಬ್ಬರ ಒಳಿತಿಗಾಗಿಯೇ. ಅಪಘಾತಗಳಿಲ್ಲ, ಹಸಿವಿಲ್ಲ, ಮಳೆಯೂ ಹೇಳಿದಂತೆ ಕೇಳುತ್ತದೆ. ಎದುರು ಮಾತಾಡಿದವರ ತಲೆಗೆ ಯಂತ್ರ ಜೋಡಿಸಿ ಆಳುಗಳನ್ನಾಗಿ ಮಾಡುವುದೂ ಆ ‘ಒಳಿತಿ’ನ ಲೆಕ್ಕದಲ್ಲೇ ಸೇರಿಕೊಳ್ಳುತ್ತದೆ.

ಗಮನಿಸಬೇಕಾದ ವಸ್ತು ಆ ಬಾಟಲಿ. ಬಾಹ್ಯಾಕಾಶದಿಂದ ಬಂದ ಖಳ ಬ್ರೇನಿಯಾಕ್ ಸ್ಟಾಲಿನ್‌ಗ್ರಾಡ್ ನಗರವನ್ನು ಕುಗ್ಗಿಸಿ ಗಾಜಿನೊಳಗೆ ಹಿಡಿದಿಟ್ಟಿದ್ದಾನೆ. ಸೂಪರ್‌ಮ್ಯಾನ್ ಬ್ರೇನಿಯಾಕ್‌ನನ್ನು ಗೆದ್ದರೂ ಆ ನಗರವನ್ನು ಮೊದಲಿನ ಗಾತ್ರಕ್ಕೆ ತರಲಾಗುವುದಿಲ್ಲ. ತನ್ನ ಏಕೈಕ ಸೋಲೆಂದು ಅದನ್ನು ಜೊತೆಯಲ್ಲೇ ಇಟ್ಟುಕೊಂಡು ಕೊರಗುತ್ತಾನೆ. ಕೊನೆಯಲ್ಲಿ ಸೈನ್ಯಗಳು, ಹಸಿರು ಲಾಂದ್ರದ ಶಕ್ತಿ ಪಡೆದ ಯೋಧರು (ಗ್ರೀನ್ ಲ್ಯಾಂಟರ್ನ್‌ಗಳು), ವಂಡರ್ ವುಮನ್‌ಳ ಬಳಗದ ಅಮೆಜಾನ್ ಯೋಧೆಯರು ಎಲ್ಲರೂ ಅವನೆದುರು ಸೋತ ಮೇಲೆ ಲೂಥರ್ ಒಂದು ಸಾಲಿನ ಚೀಟಿ ಬರೆದು ಕಳಿಸುತ್ತಾನೆ: ಇಡೀ ಜಗತ್ತನ್ನೇ ಬಾಟಲಿಯಲ್ಲಿ ಇಟ್ಟುಬಿಡಬಾರದೇಕೆ ಎಂಬರ್ಥದ್ದು. ಅಷ್ಟಕ್ಕೇ ಸೂಪರ್‌ಮ್ಯಾನ್ ನೆಲಕ್ಕೆ ಕುಸಿಯುತ್ತಾನೆ. ಒಂದು ಪ್ರಶ್ನೆಗೆ ಕುಸಿಯುವಷ್ಟು ಮನಸ್ಸಾಕ್ಷಿ ಉಳಿದಿದ್ದವನನ್ನು ಖಳನಾಯಕ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಇನ್ನು ಅಮೆರಿಕದ ಕಡೆಯ ಲೂಥರ್? ಅವನೂ ಅಷ್ಟೇ ನಿರ್ದಯಿ. ಆದ್ದರಿಂದ ಒಂದು ದೇಶವನ್ನು ಬಯ್ದು ಇನ್ನೊಂದನ್ನು ಹೊಗಳುವ ಪುಸ್ತಕ ಇದಲ್ಲ.

ಇದು ಹಿಡಿಸಿದ್ದರೆ ಮಾರ್ಕ್ ಗ್ರುನ್‌ವಾಲ್ಡ್ ಬರೆದ ‘ಸ್ಕ್ವಾಡ್ರನ್ ಸುಪ್ರೀಂ’ (1985-86, 12 ಸಂಚಿಕೆ) ಓದಲೇಬೇಕು. ಡಿಸಿಯ ಜಸ್ಟಿಸ್ ಲೀಗ್ ಅನ್ನೇ ಹೋಲುವ ಮಾರ್ವೆಲ್ ತಂಡವೊಂದು ಹಾಳಾದ ದೇಶವನ್ನು ಒಂದು ವರ್ಷದಲ್ಲಿ ನೆಟ್ಟಗೆ ಮಾಡುತ್ತೇವೆಂದು ಆಡಳಿತ ಕೈಗೆತ್ತಿಕೊಳ್ಳುತ್ತದೆ. ಅಪರಾಧಿಗಳ ಸ್ವಭಾವ ತಿದ್ದುವ ಯಂತ್ರ ತಯಾರಾಗುತ್ತದೆ. ಅದನ್ನು ಮೊದಲು ದುರುಪಯೋಗ ಮಾಡುವವನು ತಂಡದವನೇ. ತನ್ನನ್ನು ಒಲ್ಲೆನೆಂದ ಲೇಡಿ ಲಾರ್ಕ್ ತನ್ನನ್ನೇ ಪ್ರೀತಿಸುವಂತೆ ಗೋಲ್ಡನ್ ಆರ್ಚರ್ ಅವಳ ಮನಸ್ಸನ್ನು ತಿದ್ದಿಬಿಡುತ್ತಾನೆ. ಚಿತ್ರಗಳು ಆ ಕಾಲದ ಸಾಧಾರಣ ಶೈಲಿಯವು, ಮಾತು ತುಸು ಹೆಚ್ಚು. ಆದರೂ ಈ ಪ್ರಕಾರದ ಅಡಿಪಾಯ ಅಲ್ಲಿದೆ.

ಪ್ರಶ್ನೆ: ‘ಮಾರ್ವೆಲ್ ಝಾಂಬೀಸ್’ ಕೊಳ್ಳಬಹುದೇ?

2005-06ರಲ್ಲಿ ರಾಬರ್ಟ್ ಕಿರ್ಕ್‌ಮನ್ ಬರೆದು ಶಾನ್ ಫಿಲಿಪ್ಸ್ ಚಿತ್ರಿಸಿದ ಮೊದಲ ಐದು ಸಂಚಿಕೆಗಳನ್ನು ಕೊಳ್ಳಿ. ಸೂಪರ್‌ಹೀರೋಗಳು ಝಾಂಬಿಗಳಾಗಿ, ಅಂದರೆ ಜೀವಂತ ಹೆಣಗಳಾಗಿ, ಮನುಷ್ಯರನ್ನು ತಿನ್ನುವ ಕಥೆ ಇದು. ಹೊಟ್ಟೆ ತುಂಬಿದಾಗಲೆಲ್ಲ ಸ್ಪೈಡರ್‌ಮ್ಯಾನ್‌ಗೆ ಬುದ್ಧಿ ಮರಳುತ್ತದೆ, ತಾನು ತಿಂದದ್ದು ತನ್ನ ಮನೆಯವರನ್ನೇ ಎಂಬುದು ನೆನಪಾಗುತ್ತದೆ, ಮತ್ತೆ ಹಸಿವಾಗುತ್ತದೆ. ಈ ಒಂದು ಸಂಕಟದಿಂದಾಗಿ ಅದು ಓದಿಸಿಕೊಳ್ಳುತ್ತದೆ. ಆಮೇಲಿನ ಮುಂದುವರಿಕೆಗಳಲ್ಲಿ ಕೊಳೆತ ಮಾಂಸದ ಚಿತ್ರಗಳೇ ಜಾಸ್ತಿ. ಡಿಸಿಯ ಕಡೆ ಇದೇ ಜಾತಿಯ ‘ಡಿಸೀಸ್ಡ್’ (2019) ಇದಕ್ಕಿಂತ ಮರುಕದಿಂದ ಬರೆದದ್ದು.

ಪ್ರಶ್ನೆ: ‘ಏಜ್ ಆಫ್ ಅಪಾಕಲಿಪ್ಸ್’ ದೊಡ್ಡ ಸಂಪುಟ ಓದಲು ಕೂತು ಎರಡು ಸಲ ಅರ್ಧಕ್ಕೆ ಬಿಟ್ಟೆ. ಯಾರು ಎಲ್ಲಿದ್ದಾರೆ ಎಂಬುದೇ ತಿಳಿಯುವುದಿಲ್ಲ. ‘ಫ್ಲ್ಯಾಶ್‌ಪಾಯಿಂಟ್’ ಕೂಡ ಹೀಗೇನಾ?

ಸಂಪುಟದ ಗಾತ್ರ ನೋಡಿ ಹೆದರಬೇಡಿ, ಎಳೆ ಹಿಡಿಯುವುದು ಸುಲಭ. 1995ರಲ್ಲಿ ಮಾರ್ವೆಲ್ ತನ್ನ ಎಕ್ಸ್‌-ಮೆನ್ (ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದವರ ತಂಡ) ಪತ್ರಿಕೆಗಳನ್ನೆಲ್ಲ ನಾಲ್ಕು ತಿಂಗಳು ನಿಲ್ಲಿಸಿ, ಅವುಗಳ ಜಾಗದಲ್ಲಿ ಬೇರೆ ಹೆಸರಿನ ಎಂಟು ಪತ್ರಿಕೆಗಳನ್ನು ತಂದಿತು. ‘ಅನ್‌ಕ್ಯಾನಿ ಎಕ್ಸ್‌-ಮೆನ್’ ಇದ್ದಲ್ಲಿ ‘ಅಸ್ಟಾನಿಶಿಂಗ್ ಎಕ್ಸ್‌-ಮೆನ್’, ‘ವುಲ್ವರಿನ್’ ಇದ್ದಲ್ಲಿ ‘ವೆಪನ್ ಎಕ್ಸ್’, ‘ಜನರೇಷನ್ ಎಕ್ಸ್’ ಇದ್ದಲ್ಲಿ ‘ಜನರೇಷನ್ ನೆಕ್ಸ್ಟ್’, ಹೀಗೆ. ಪ್ರತಿಯೊಂದೂ ನಾಲ್ಕು ಸಂಚಿಕೆ. ಒಂದು ಪತ್ರಿಕೆಯ ನಾಲ್ಕನ್ನೂ ಮುಗಿಸಿ ಇನ್ನೊಂದಕ್ಕೆ ಹೋದರೆ ಗೊಂದಲ ಖಚಿತ, ಏಕೆಂದರೆ ಎಂಟೂ ಕಥೆಗಳು ಒಂದೇ ಹೊತ್ತಿಗೆ ನಡೆಯುತ್ತಿವೆ. ನೀವು ಹೀಗೆ ಮಾಡಿ. ಮೊದಲು ‘ಲೀಜನ್ ಕ್ವೆಸ್ಟ್’ ಓದಿ. ಎಕ್ಸ್‌-ಮೆನ್ ಕಟ್ಟಿದ ಪ್ರೊಫೆಸರ್ ಝೇವಿಯರ್‌ನ ಮಗ ಲೀಜನ್, ಅಪ್ಪನ ಸಹಬಾಳ್ವೆಯ ಕನಸಿಗೆ ಅಡ್ಡಬಂದ ಮ್ಯಾಗ್ನೀಟೊನನ್ನು ಮುಗಿಸಲು ಕಾಲದಲ್ಲಿ ಹಿಂದಕ್ಕೆ ಹೋಗಿ, ಅಡ್ಡ ಬಂದ ಅಪ್ಪನನ್ನೇ ಕೊಂದುಬಿಡುವುದು ಅಲ್ಲಿ. ಆಮೇಲೆ ‘ಎಕ್ಸ್‌-ಮೆನ್: ಆಲ್ಫಾ’. ನಂತರ ಎಂಟೂ ಪತ್ರಿಕೆಗಳ ಒಂದನೆಯ ಸಂಚಿಕೆ, ಎಂಟರ ಎರಡನೆಯದು, ಹೀಗೆ ನಾಲ್ಕರವರೆಗೆ. ಕೊನೆಗೆ ‘ಎಕ್ಸ್‌-ಮೆನ್: ಒಮೆಗಾ’. ಸಮಯ ಕಡಿಮೆಯಿದ್ದರೆ ಆಲ್ಫಾ, ಅಸ್ಟಾನಿಶಿಂಗ್, ಅಮೇಝಿಂಗ್, ಒಮೆಗಾ ಇಷ್ಟೇ ಸಾಕು, ಬೆನ್ನೆಲುಬು ಸಿಗುತ್ತದೆ. ‘ಜನರೇಷನ್ ನೆಕ್ಸ್ಟ್’ ಮಾತ್ರ ಬಿಡಬೇಡಿ. ಎಂಟರಲ್ಲಿ ಮನಸ್ಸನ್ನು ಕಲಕುವ ಕೊನೆ ಇರುವುದು ಅದಕ್ಕೇ.

ಓದುವಾಗ ಇಬ್ಬರ ಮೇಲೆ ಕಣ್ಣಿಡಿ. ಸತ್ತ ಗೆಳೆಯ ಝೇವಿಯರ್‌ನ ಹೆಸರಿನಲ್ಲಿ ಎಕ್ಸ್‌-ಮೆನ್ ಕಟ್ಟಿ ನಡೆಸುತ್ತಿರುವ ಮ್ಯಾಗ್ನೀಟೊ ಒಬ್ಬ. ಈ ಲೋಕ ಹೀಗಿರಬೇಕಾದ್ದಲ್ಲ ಎಂದು ನೆನಪಿರುವ ಬಿಷಪ್ ಇನ್ನೊಬ್ಬ.

‘ಫ್ಲ್ಯಾಶ್‌ಪಾಯಿಂಟ್’ (2011, ಜೆಫ್ ಜಾನ್ಸ್, ಆಂಡಿ ಕ್ಯೂಬರ್ಟ್) ಅಷ್ಟು ಹರಡಿಲ್ಲ. ಫ್ಲ್ಯಾಶ್ ಕಾಲದಲ್ಲಿ ಹಿಂದಕ್ಕೆ ಹೋಗಿ ತಾಯಿಯನ್ನು ಉಳಿಸಿದ್ದರಿಂದ ಲೋಕವೇ ಬದಲಾಗುವ ಮುಖ್ಯ ಕಥೆ ಐದೇ ಸಂಚಿಕೆ. ಪೂರಕ ಕಿರುಸರಣಿಗಳು ಬಹಳ ಇದ್ದರೂ ಬ್ರಯಾನ್ ಅಝರೆಲ್ಲೊ, ಎಡ್ವಾರ್ಡೊ ರಿಸ್ಸೊ ಅವರ ಮೂರು ಸಂಚಿಕೆಗಳ ‘ನೈಟ್ ಆಫ್ ವೆಂಜನ್ಸ್’ ಸಾಕು. ಮೂಲ ಕಥೆಯಲ್ಲಿ ಗಲ್ಲಿಯಲ್ಲಿ ಅಪ್ಪ ಅಮ್ಮ ಗುಂಡಿಗೆ ಬಲಿಯಾಗಿ ಮಗ ಬ್ರೂಸ್ ಬ್ಯಾಟ್‌ಮ್ಯಾನ್ ಆಗುತ್ತಾನೆ. ಇಲ್ಲಿ ಗುಂಡೇಟು ಬಿದ್ದದ್ದು ಹುಡುಗ ಬ್ರೂಸ್‌ಗೆ. ಉಳಿದ ಅಪ್ಪ ಬ್ಯಾಟ್‌ಮ್ಯಾನ್ ಆದ. ಅಮ್ಮ ಏನಾದಳು ಎಂಬುದನ್ನು ನೀವೇ ಓದಿ.

ಪ್ರಶ್ನೆ: ನನ್ನದೇ ಹೀರೋನನ್ನು ಇಟ್ಟುಕೊಂಡು 40 ಪುಟದ ಕಥೆ ಬರೆದಿದ್ದೇನೆ. ಮೊದಲ ಪುಟದಲ್ಲೇ ಅವನು ತನ್ನ ನಗರ ಸುಡುತ್ತಾನೆ. ಒಟ್ಟು ಹನ್ನೊಂದು ಮುಖ್ಯ ಪಾತ್ರಗಳು ಸಾಯುತ್ತವೆ. ಓದಿದ ಯಾರಿಗೂ ಏನೂ ಅನಿಸಲಿಲ್ಲವಂತೆ. ತಪ್ಪು ಎಲ್ಲಿದೆ?

ಮೊದಲ ಪುಟದಲ್ಲಿದೆ. ಸೂಪರ್‌ಮ್ಯಾನ್‌ನನ್ನು ಜನ ದಶಕಗಳಿಂದ ಬಲ್ಲರು, ಅವನು ಕೆಟ್ಟರೆ ಏನು ಕಳೆದುಹೋಯಿತೆಂದು ಹೇಳಬೇಕಾಗಿಲ್ಲ. ನಿಮ್ಮ ಹೀರೋ ಯಾರಿಗೂ ಗೊತ್ತಿಲ್ಲ. ಅವನು ಒಳ್ಳೆಯವನಾಗಿದ್ದನ್ನು ನೋಡದೆಯೇ ಓದುಗ ಅವನು ಕೆಟ್ಟದ್ದಕ್ಕೆ ಮರುಗುವುದು ಹೇಗೆ?

ಬರೆದದ್ದನ್ನು ಬದಿಗಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ನಮ್ಮ ಲೋಕಕ್ಕೂ ನಿಮ್ಮ ಕಥೆಯ ಲೋಕಕ್ಕೂ ಇರುವ ವ್ಯತ್ಯಾಸವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ರಾಕೆಟ್ ಬೇರೆ ಕಡೆ ಇಳಿಯಿತು, ಮಗನ ಬದಲು ಅಪ್ಪ ಉಳಿದ, ಅಷ್ಟು ಚಿಕ್ಕದಿರಲಿ. ವಾಕ್ಯದಲ್ಲಿ ‘ಮತ್ತು’ ಬಂದರೆ ಬದಲಾವಣೆ ಎರಡಾಯಿತು, ಒಂದನ್ನು ತೆಗೆಯಿರಿ. ಎರಡನೆಯದು ಬೇಕೇಬೇಕೆಂದರೆ ಅದು ಮೊದಲನೆಯದರ ಪರಿಣಾಮವಾಗಿ ಬರಬೇಕು.

ಅದರ ಕೆಳಗೆ ಹೀರೋನ ಮೂರು ಒಳ್ಳೆಯ ಗುಣ ಬರೆದು ಒಂದನ್ನು ಆರಿಸಿ. ಅವನು ಹಾಳಾಗುವುದು ಆ ಗುಣದಿಂದಲೇ ಆಗಬೇಕು. ಫ್ಲ್ಯಾಶ್‌ಗೆ ತಾಯಿಯ ಮೇಲಿನ ಪ್ರೀತಿ, ಸೂಪರ್‌ಮ್ಯಾನ್‌ಗೆ ನೋವು ನೋಡಿ ಸುಮ್ಮನಿರಲಾಗದ ಮನಸ್ಸು. ನಿಮ್ಮವನದು ಮಾತು ತಪ್ಪದಿರುವುದು ಎಂದಿಟ್ಟುಕೊಳ್ಳಿ. ಸಾಯುತ್ತಿರುವವನಿಗೆ ಕೊಟ್ಟ ಮಾತೊಂದನ್ನು ಉಳಿಸಿಕೊಳ್ಳಲು ಅವನು ಎಲ್ಲಿಯವರೆಗೆ ಹೋದಾನು? ಆ ಇಳಿಜಾರನ್ನು ಆರು ಮೆಟ್ಟಿಲಾಗಿ ಒಡೆಯಿರಿ. ಮೊದಲ ಮೂರರಲ್ಲಿ ಓದುಗ ‘ನಾನಿದ್ದರೂ ಹೀಗೇ ಮಾಡುತ್ತಿದ್ದೆ’ ಅನ್ನಬೇಕು. ನಾಲ್ಕರಲ್ಲಿ ಅಳುಕಬೇಕು. ಐದನೆಯದು ಬರುವ ಹೊತ್ತಿಗೆ ಹಿಂದಿರುಗುವ ದಾರಿ ಮುಚ್ಚಿರಬೇಕು. ಬಹಳ ಕಥೆಗಳು ಕೆಡುವುದು ಎರಡರಿಂದ ಐದಕ್ಕೆ ಹಾರುವುದರಿಂದ.

ಇನ್ನೊಬ್ಬರು ಬೇಕು: ‘ಬೇಡ’ ಎನ್ನುವವರು. ಇನ್‌ಜಸ್ಟಿಸ್‌ನಲ್ಲಿ ಬ್ಯಾಟ್‌ಮ್ಯಾನ್, ಸ್ಕ್ವಾಡ್ರನ್‌ನಲ್ಲಿ ನೈಟ್‌ಹಾಕ್. ಈ ಪಾತ್ರಕ್ಕೆ ಬಲವಾದ ವಾದ ಕೊಡಿ. ಹೀರೋನ ವಾದವೂ ಅಷ್ಟೇ ಬಲವಾಗಿರಲಿ. ಇಬ್ಬರಲ್ಲಿ ಒಬ್ಬರು ದಡ್ಡರಾದರೂ ಕಥೆ ಕುಸಿಯುತ್ತದೆ.

ಪುಟಗಳ ಹಂಚಿಕೆ: 40ರಲ್ಲಿ ಮೊದಲ ಏಳು ಪುಟ ಹೀರೋನ ಒಳ್ಳೆಯ ದಿನಗಳಿಗೆ. ಅದರಲ್ಲೊಂದು ಪುಟ ಹೋರಾಟವಿಲ್ಲದ್ದಾಗಿರಲಿ, ಅವನು ಯಾರಿಗೋ ಬಾಗಿಲು ರಿಪೇರಿ ಮಾಡಿಕೊಡಲಿ, ಮಗುವಿಗೆ ಸೈಕಲ್ ಕಲಿಸಲಿ. ಲೋಕ ಬದಲಾಗುವ ಘಟನೆ 8ನೆಯ ಪುಟದಲ್ಲಿ. ಎಂಟೇ ಏಕೆಂದರೆ ಅಚ್ಚಾದ ಪುಸ್ತಕದಲ್ಲಿ ಬೆಸಸಂಖ್ಯೆಯ ಪುಟ ಬಲಕ್ಕೆ ಬರುತ್ತದೆ, ಸಮಸಂಖ್ಯೆಯದು ಹಾಳೆ ಮಗುಚಿದ ಮೇಲೆ ಎಡಕ್ಕೆ ಕಾಣುತ್ತದೆ. ಆಘಾತ ಯಾವಾಗಲೂ ಮಗುಚಿದ ಮೇಲೆ ಸಿಗಬೇಕು. 9ರಲ್ಲಿ ಇಟ್ಟರೆ 8 ಓದುತ್ತಿರುವಾಗಲೇ ಓದುಗನ ಕಣ್ಣು ಬಲಕ್ಕೆ ಜಾರಿ ಗುಟ್ಟು ಹೋಗುತ್ತದೆ. ಆರು ಮೆಟ್ಟಿಲುಗಳಿಗೆ 9ರಿಂದ 33. ಉಳಿದದ್ದು ಕೊನೆಗೆ.

ಸಾವುಗಳನ್ನು ಹನ್ನೊಂದರಿಂದ ಎರಡಕ್ಕಿಳಿಸಿ. ಪ್ರತಿ ಸಾವಿನ ನಂತರ ಕನಿಷ್ಠ ಎರಡು ಪುಟ ಅದರ ಪರಿಣಾಮಕ್ಕೆ ಮೀಸಲಿಡಿ: ಖಾಲಿ ಕುರ್ಚಿ, ಉತ್ತರ ಬಾರದ ಕರೆ, ಜೊತೆಗಾರರ ನಡುವೆ ನಿಂತುಹೋದ ಮಾತು. ಹನ್ನೊಂದು ಸಾವಿಗೆ ಹೀಗೆ 22 ಪುಟ ಕೊಡಲು ನಿಮ್ಮಲ್ಲಿ ಜಾಗವಿಲ್ಲ. ಜಾಗವಿಲ್ಲದ್ದರಿಂದಲೇ ಯಾರಿಗೂ ಏನೂ ಅನಿಸಲಿಲ್ಲ.

ಪ್ರಶ್ನೆ: ಕತ್ತಲ ವಾತಾವರಣಕ್ಕೆಂದು ಪುಟಗಳಲ್ಲಿ ಕಪ್ಪು ತುಂಬಿದೆ. ಅಚ್ಚಾಗಿ ಬಂದಾಗ ಕಪ್ಪು ಬೂದಿಯಂತೆ ಕಾಣುತ್ತಿದೆ, ಆಕೃತಿಗಳು ಒಂದರೊಳಗೊಂದು ಕಲಸಿಹೋಗಿವೆ, ಮಾತುಗಳ ಅಂಚಿನಲ್ಲಿ ಬಣ್ಣ ಇಣುಕುತ್ತಿದೆ.

ಇವು ಮೂರು ಬೇರೆ ಬೇರೆ ದೋಷಗಳು.

ಬೂದು ಕಪ್ಪಿಗೆ ಕಾರಣ ಬರೀ ಕಪ್ಪು ಶಾಯಿಯಿಂದ ದೊಡ್ಡ ಜಾಗ ತುಂಬಿಸಿರುವುದು. ಬಣ್ಣದ ಮುದ್ರಣದಲ್ಲಿ ನಾಲ್ಕು ಶಾಯಿಗಳಿವೆ: ಸಯಾನ್ (ತಿಳಿನೀಲಿ), ಮೆಜೆಂಟಾ (ಕಡು ಗುಲಾಬಿ), ಹಳದಿ, ಕಪ್ಪು. ಪ್ರತಿಯೊಂದರ ಪ್ರಮಾಣವನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಕಪ್ಪು 100 ಒಂದೇ ಹಾಕಿದರೆ ಕಾಗದದ ಬಿಳುಪು ಹಿಂದಿನಿಂದ ಹೊಮ್ಮುತ್ತದೆ. ದೊಡ್ಡ ಕಪ್ಪು ಜಾಗಗಳಿಗೆ ಸಯಾನ್ 60, ಮೆಜೆಂಟಾ 40, ಹಳದಿ 40, ಕಪ್ಪು 100 ಕೊಡಿ. ಒಟ್ಟು 240 ಆಗುತ್ತದೆ. ನುಣುಪು ಕಾಗದ ಇದನ್ನು ಸುಲಭವಾಗಿ ತಡೆಯುತ್ತದೆ. ಒರಟು ಕಾಗದ ಹೀರಿಕೊಂಡು ಹಿಂಬದಿಗೆ ಇಳಿಸಬಹುದು, ಹಾಗಾಗಿ ಎಷ್ಟು ಹೋಗಬಹುದೆಂದು ಮುದ್ರಕರನ್ನು ಮೊದಲೇ ಕೇಳಿ. ನಾಲ್ಕನ್ನೂ 100 ಮಾಡಬೇಡಿ. ಶಾಯಿ ಒಣಗದೆ ಎದುರು ಪುಟಕ್ಕೆ ಅಂಟುತ್ತದೆ.

ಬಣ್ಣ ಇಣುಕುವುದು ಇದರ ತದ್ವಿರುದ್ಧ ತಪ್ಪು, ಅಕ್ಷರಗಳಿಗೂ ನಾಲ್ಕು ಶಾಯಿ ಹೋಗಿದೆ. ನಾಲ್ಕು ಪ್ಲೇಟ್‌ಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಅಂಚು ಒಡೆಯುತ್ತದೆ. ಅಕ್ಷರ, ತೆಳು ಗೆರೆ ಎಲ್ಲ ಬರೀ ಕಪ್ಪು 100ರಲ್ಲಿರಲಿ, ಕೆಳಗಿನ ಬಣ್ಣದ ಮೇಲೆ ಓವರ್‌ಪ್ರಿಂಟ್ ಆಗುವಂತೆ ಇಡಿ. ಗೆರೆಚಿತ್ರವನ್ನು 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ ಟಿಫ್ ಆಗಿ ಉಳಿಸಿ. ಜೆಪೆಗ್ ಮಾಡಿದರೆ ಗೆರೆಯ ಸುತ್ತ ಕಸ ಹುಟ್ಟುತ್ತದೆ. ಬಣ್ಣದ ಕಡತ 300ಕ್ಕಿಂತ ಕಡಿಮೆ ಬೇಡ. ಕಪ್ಪು ಪುಟದಂಚಿನವರೆಗೆ ಹೋಗುವುದಿದ್ದರೆ ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚು ಎಳೆಯಿರಿ, ಇಲ್ಲದಿದ್ದರೆ ಕತ್ತರಿಸಿದಾಗ ಬಿಳಿ ಗೀರು ಉಳಿಯುತ್ತದೆ.

ಕಲಸಿಹೋಗುವುದು ಮುದ್ರಕರ ತಪ್ಪಲ್ಲ, ಚಿತ್ರದ್ದು. ಕಪ್ಪು ಮೇಲಂಗಿಯ ಹಿಂದೆ ಕಪ್ಪು ಗೋಡೆ ಇದ್ದರೆ ಆಕೃತಿ ಸತ್ತಹಾಗೆ. ಇಂಕ್ ಹಾಕುವ ಮೊದಲು ಪ್ರತಿ ಪುಟವನ್ನು ಎರಡು ಇಂಚು ಎತ್ತರದ ಚಿಕ್ಕ ನಕಲಾಗಿ ಬಿಡಿಸಿ, ಮಾರ್ಕರ್‌ನಿಂದ ಕಪ್ಪು ತುಂಬಿ, ತೋಳು ದೂರಕ್ಕೆ ಹಿಡಿದು ನೋಡಿ. ಯಾರು ಎಲ್ಲಿದ್ದಾರೆಂದು ತಕ್ಷಣ ತಿಳಿಯದಿದ್ದರೆ ಬೆಳಕಿನ ಮೂಲ ಬದಲಿಸಿ. ಭುಜದ ಅಂಚಿಗೆ ಒಂದು ತೆಳು ಬಿಳಿ ಗೆರೆ ಬಿಟ್ಟರೂ ಆಕೃತಿ ಹಿನ್ನೆಲೆಯಿಂದ ಎದ್ದು ಬರುತ್ತದೆ. ಇನ್ನೊಂದು ಮಾತು: ಎಲ್ಲ ಪುಟಗಳೂ ಕಪ್ಪಾದರೆ ಯಾವುದೂ ಕಪ್ಪಲ್ಲ. ಮೊದಲ ಏಳು ಪುಟಗಳನ್ನು ಬೆಳಕಾಗಿಡಿ, ಎಂಟರಿಂದ ಕಪ್ಪನ್ನು ಹಂತಹಂತವಾಗಿ ಏರಿಸಿ.

ಪ್ರಶ್ನೆ: ಇಂಗ್ಲಿಷ್ ಕಾಮಿಕ್ಸ್ ನೋಡಿಕೊಂಡು ಬಲೂನು ಬಿಡಿಸಿದರೆ ಕನ್ನಡ ಮಾತು ಒಳಗೆ ಹಿಡಿಸುವುದಿಲ್ಲ. ಏನು ಮಾಡಲಿ?

ಅಮೆರಿಕದ ಕಾಮಿಕ್ಸ್‌ನಲ್ಲಿ ಎಲ್ಲವೂ ದೊಡ್ಡಕ್ಷರ, ಎಲ್ಲಕ್ಕೂ ಒಂದೇ ಎತ್ತರ, ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ಕನ್ನಡದಲ್ಲಿ ಗುಣಿತ ಮೇಲಕ್ಕೆ ಏಳುತ್ತದೆ, ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ. ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಜೊತೆಗೆ ನಮ್ಮ ಪದಗಳು ಉದ್ದ, ‘ಬಿಟ್ಟುಕೊಡಲಾರೆನೆಂದು’ ಎಂಬ ಒಂದೇ ಪದ ಒಂದು ಸಾಲು ತಿನ್ನುತ್ತದೆ. ಅಮೆರಿಕದ ಹಳೆಯ ಲೆಕ್ಕ ಪ್ಯಾನೆಲ್‌ಗೆ (ಒಂದು ಚಿತ್ರದ ಚೌಕಟ್ಟಿಗೆ) 35 ಪದ. ಕನ್ನಡಕ್ಕೆ 18-20ಕ್ಕೆ ನಿಲ್ಲಿಸಿ. ಚಿತ್ರ ಬಿಡಿಸಿದ ಮೇಲೆ ಬಲೂನಿಗೆ ಜಾಗ ಹುಡುಕಬೇಡಿ. ಪೆನ್ಸಿಲ್ ಹಂತದಲ್ಲೇ ಮಾತನ್ನು ಬರೆದು, ಸುತ್ತ ಒಂದು ಅಕ್ಷರದಷ್ಟು ಗಾಳಿ ಬಿಟ್ಟು ಬಲೂನು ಹಾಕಿ, ಉಳಿದ ಜಾಗದಲ್ಲಿ ಚಿತ್ರ ಕೂರಿಸಿ. ಉದ್ದ ಪದವನ್ನು ಸಾಲಿನ ಕೊನೆಯಲ್ಲಿ ಒಡೆಯುವ ಬದಲು ಮಾತನ್ನೇ ಬದಲಿಸಿ. ಕೋಪದಲ್ಲಿರುವವರು ಚಿಕ್ಕ ಮಾತಾಡುತ್ತಾರೆ: ‘ಬಿಡಲ್ಲ.’

ಪ್ರಶ್ನೆ: ಸೂಪರ್‌ಮ್ಯಾನ್‌ನ ಕರಾಳ ಕಥೆಯೊಂದನ್ನು ನಾನೇ ಬರೆದು ಮಾರಬಹುದೇ?

ಸದ್ಯಕ್ಕೆ ಆಗದು, ಹಕ್ಕು ಡಿಸಿಯದು. ಅಮೆರಿಕದ ಕಾನೂನಿನಲ್ಲಿ ಆ ಕಾಲದ ಪ್ರಕಟಣೆಗಳಿಗೆ 95 ವರ್ಷ ರಕ್ಷಣೆಯಿದೆ. 1938ರಲ್ಲಿ ಬಂದ ಮೊದಲ ಸೂಪರ್‌ಮ್ಯಾನ್ ಕಥೆ ಅಲ್ಲಿ ಮುಕ್ತವಾಗುವುದು 2034ರ ಜನವರಿ 1ಕ್ಕೆ, 1939ರ ಬ್ಯಾಟ್‌ಮ್ಯಾನ್ 2035ಕ್ಕೆ. ಆಗಲೂ ಸಿಗುವುದು ಆ ಮೊದಲ ಕಥೆಯ ರೂಪ ಮಾತ್ರ. ನಂತರ ಸೇರಿದ ಕ್ರಿಪ್ಟೊನೈಟ್‌ನಂಥವು ಅವುಗಳ ಕಾಲ ಬಂದಾಗ. ಲಾಂಛನ, ಹೆಸರುಗಳ ಟ್ರೇಡ್‌ಮಾರ್ಕ್ ಬೇರೆಯೇ ಉಳಿಯುತ್ತದೆ. ಮಾರುವ ಉದ್ದೇಶವಿದ್ದರೆ ಸ್ಕ್ವಾಡ್ರನ್ ಸುಪ್ರೀಂ ದಾರಿ ಹಿಡಿಯಿರಿ. ಪಾತ್ರದ ಬಗೆ ಪರಿಚಿತವಾಗಿರಲಿ, ಹೆಸರು, ಉಡುಗೆ, ಹುಟ್ಟಿನ ಕಥೆ ನಿಮ್ಮದೇ ಆಗಿರಲಿ.

ಪ್ರಶ್ನೆ: ‘ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್’ ಕೂಡ ಇದೇ ಸಾಲಿಗೆ ಸೇರುತ್ತದೆಯೇ? ಅವನು ಕೆಟ್ಟವನಾಗಿಲ್ಲವಲ್ಲ?

ಸೇರುತ್ತದೆ, ಮತ್ತು ಈ ಪ್ರಕಾರ ಇನ್ನೂ ಜೀವಂತವಾಗಿದೆ ಎನ್ನಲು ನಾವು ಮೊದಲು ತೋರಿಸುವ ಪುಸ್ತಕ ಅದು. 2024ರ ಅಕ್ಟೋಬರ್‌ನಲ್ಲಿ ಸ್ಕಾಟ್ ಸ್ನೈಡರ್, ನಿಕ್ ಡ್ರಗೋಟಾ ಶುರು ಮಾಡಿದ್ದು. ಉಳಿದ ಕಡೆ ಲೋಕ ನೆಟ್ಟಗಿದ್ದು ಹೀರೋ ಕೆಡುತ್ತಾನೆ. ಇಲ್ಲಿ ಮಹಾಖಳ ಡಾರ್ಕ್‌ಸೈಡ್‌ನ ಶಕ್ತಿಯಿಂದ ರೂಪುಗೊಂಡ ಲೋಕವೇ ಕೆಟ್ಟಿದೆ, ಹೀರೋ ನೆಟ್ಟಗಿದ್ದಾನೆ. ಬ್ರೂಸ್‌ಗೆ ಬಂಗಲೆಯಿಲ್ಲ, ಹಣವಿಲ್ಲ. ಅಪ್ಪ ಶಾಲೆಯ ಮೇಷ್ಟರು, ಗುಂಡಿಗೆ ಬಲಿಯಾದವರು. ಅಮ್ಮ ಬದುಕಿದ್ದಾಳೆ. ಅವನು ಸಿವಿಲ್ ಎಂಜಿನಿಯರ್, ನಗರದ ಅಡಿಯಿಂದ ಮುಡಿಯವರೆಗೆ ಹೇಗೆ ಕಟ್ಟಿದ್ದಾರೆಂದು ಬಲ್ಲವನು. ಎದೆಯ ಮೇಲಿನ ಬಾವಲಿ ಲಾಂಛನ ಕಳಚಿದರೆ ಕೊಡಲಿಯಾಗುತ್ತದೆ. ಮುಂದೆ ಅವನ ಶತ್ರುಗಳಾಗಬೇಕಿದ್ದ ಆಸ್ವಲ್ಡ್, ಹಾರ್ವೆ, ಎಡ್ವರ್ಡ್, ವೇಲನ್ ಇಲ್ಲಿ ಬಾಲ್ಯದ ಗೆಳೆಯರು. ಹಾಗಾಗಿ ಈ ಕಥೆಯ ಭಯ ಬೇರೆ ಬಗೆಯದು. ಬ್ರೂಸ್ ಏನಾಗುತ್ತಾನೋ ಎಂಬುದಕ್ಕಿಂತ ಆ ಗೆಳೆಯರು ಏನಾಗಿಬಿಡುತ್ತಾರೋ ಎಂದು ಜೀವ ಹಿಡಿದು ಓದಬೇಕು.

ಇದರ ಜೊತೆಗೇ ಬಂದ ಎರಡರಲ್ಲಿ ಕೆಲ್ಲಿ ಥಾಂಪ್ಸನ್, ಹೇಡನ್ ಶರ್ಮನ್ ಅವರ ‘ಆಬ್ಸಲ್ಯೂಟ್ ವಂಡರ್ ವುಮನ್’ ಅನ್ನು ಮೊದಲು ತೆಗೆದುಕೊಳ್ಳಿ. ಅಮೆಜಾನ್‌ಗಳಿಲ್ಲದೆ, ನರಕದಲ್ಲಿ ಮಾಟಗಾತಿ ಸರ್ಸಿಯ ಕೈಯಲ್ಲಿ ಬೆಳೆದ ಡಯಾನಾ ಇವಳು. ಜೇಸನ್ ಆರನ್, ರಾಫಾ ಸಾಂಡೊವಲ್ ಅವರ ‘ಆಬ್ಸಲ್ಯೂಟ್ ಸೂಪರ್‌ಮ್ಯಾನ್’ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ, ಬಿಡಿ ಸಂಚಿಕೆಗಿಂತ ಸಂಪುಟವಾಗಿ ಓದುವುದು ವಾಸಿ. ಮೂರಕ್ಕೂ ಹಿನ್ನೆಲೆ ಒದಗಿಸುವ ‘ಡಿಸಿ ಆಲ್ ಇನ್ ಸ್ಪೆಷಲ್’ ಓದದಿದ್ದರೂ ಕಥೆ ಅರ್ಥವಾಗುತ್ತದೆ. ಓದುವುದಿದ್ದರೆ ಪ್ರತಿಯೊಂದರ ಮೊದಲ ಸಂಪುಟ ಮುಗಿಸಿದ ಮೇಲೆ ಓದಿ.